ಆಪರೇಷನ್ ಆದ ಮೇಲೂ ಸೋರಿದರೆ

"ಆಪರೇಷನ್ ಆಗೇತ್ರೀ, ಆದ್ರೂ ಕೆಮ್ಮಿದ್ರ ಸೋರತೈತಿ." ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹೆಣ್ಣುಮಗಳು ವೈದ್ಯರ ಮುಂದೆ ಕೂತು ಹೇಳಬೇಕಾದ ಮಾತುಗಳಲ್ಲಿ ಇದರಷ್ಟು ಕಷ್ಟದ್ದು ಇನ್ನೊಂದಿರಲಾರದು. ಮೊದಲ ಸಲ ಬಾಯಿಬಿಡುವುದಕ್ಕೇ ಆಕೆ ವರ್ಷಗಟ್ಟಲೆ ಧೈರ್ಯ ಕೂಡಿಸಿರುತ್ತಾಳೆ. ಮನೆಯವರನ್ನು ಒಪ್ಪಿಸಿ, ದುಡ್ಡು ಹೊಂದಿಸಿ, ಸುಗ್ಗಿ ನೋಡಿಕೊಂಡು ದಿನ ಗೊತ್ತುಮಾಡಿ, ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿರುತ್ತಾಳೆ. ಒಂದೆರಡು ತಿಂಗಳು, ಒಂದೆರಡು ವರ್ಷ ನೆಮ್ಮದಿ. ಆಮೇಲೆ ಕಬ್ಬಿನ ಹೊರೆ ಎತ್ತುವಾಗಲೋ, ತುಂಬಿದ ಕೊಡ ಸೊಂಟಕ್ಕೇರಿಸುವಾಗಲೋ ಮತ್ತೆ ಸೀರೆ ಒದ್ದೆ. ಹಾಗಾದಾಗ ಹೆಚ್ಚಿನವರು ಆಸ್ಪತ್ರೆಗೆ ಮರಳುವುದಿಲ್ಲ. "ನನ್ನ ದೇಹವೇ ಇಷ್ಟು" ಎಂದುಕೊಂಡು ಮದುವೆಮನೆ ಬಿಡುತ್ತಾರೆ, ಬಸ್ಸಿನ ಪ್ರಯಾಣ ಬಿಡುತ್ತಾರೆ, ಎಲ್ಲಮ್ಮನ ಗುಡ್ಡಕ್ಕೆ ಬಾ ಎಂದರೆ ಮೊಣಕಾಲು ನೋವಿನ ನೆಪ ಹೇಳುತ್ತಾರೆ.

ಎರಡನೇ ಶಸ್ತ್ರಚಿಕಿತ್ಸೆ ಎಂದರೆ ಮೊದಲನೆಯದನ್ನೇ ಮತ್ತೊಮ್ಮೆ ಮಾಡುವುದಲ್ಲ. ಮೊದಲನೆಯದು ಯಾಕೆ ಸೋತಿತು ಎಂಬುದು ಗೊತ್ತಾಗುವವರೆಗೆ ಕತ್ತರಿ ಎತ್ತಬಾರದು. ಈ ಒಂದು ನಿಯಮವನ್ನು ರೋಗಿ, ಮನೆಯವರು, ವೈದ್ಯರು ಮೂವರೂ ಪಾಲಿಸಿದರೆ ಎಷ್ಟೋ ಹೆಂಗಸರು ಬೇಡದ ಆಪರೇಷನ್ನಿನಿಂದ ಉಳಿಯುತ್ತಾರೆ, ಬೇಕಾದವರಿಗೆ ಸರಿಯಾದದ್ದು ಸಿಗುತ್ತದೆ. ಯಾಕೆ ಹಾಗೆ ಎಂದು ತಿಳಿಯಲು ಮೊದಲು ದೇಹದೊಳಗೆ ಮೂತ್ರ ಹೇಗೆ ನಿಲ್ಲುತ್ತದೆ ಎಂಬುದನ್ನು ನೋಡಬೇಕು.

ಮೂತ್ರ ನಿಲ್ಲುವ ಬಗೆ

ದೊಡ್ಡವರ ಮೂತ್ರಕೋಶದಲ್ಲಿ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅಲ್ಲಿಂದ ಹೊರಗೆ ಬರುವ ಮೂತ್ರನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಸುಮಾರು 4 ಸೆಂಟಿಮೀಟರ್ ಮಾತ್ರ. ಅಷ್ಟು ಗಿಡ್ಡ ನಾಳ ಕೆಮ್ಮು, ಸೀನು, ನಗು, ಭಾರ ಎಲ್ಲವನ್ನೂ ತಾಳಬೇಕು. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಮೂತ್ರಕೋಶವನ್ನು ಅದುಮುತ್ತದೆ. ಅದೇ ಕ್ಷಣದಲ್ಲಿ ಆ ಒತ್ತಡ ಮೂತ್ರನಾಳವನ್ನೂ ಅದರ ಕೆಳಗಿರುವ ಯೋನಿಯ ಗೋಡೆಗೆ ಒತ್ತಿ ಮುಚ್ಚುತ್ತದೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜಾನ್ ಡಿಲಾನ್ಸಿ 1994ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದರು. ನಮ್ಮ ಎರೆಹೊಲದಲ್ಲಿ ನಿಂತು ಅದನ್ನು ಊಹಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಎರೆ ಒಣಗಿ ಗಟ್ಟಿಯಾಗಿದ್ದಾಗ ನೀರಿನ ಪೈಪಿನ ಮೇಲೆ ಕಾಲಿಟ್ಟರೆ ನೀರು ನಿಲ್ಲುತ್ತದೆ. ಮಳೆಗೆ ನೆನೆದ ಎರೆಯಲ್ಲಿ ಅಷ್ಟೇ ಭಾರ ಹಾಕಿ ತುಳಿದರೂ ಪೈಪು ಮಣ್ಣಿನೊಳಗೆ ಇಳಿಯುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಎರಡೂ ಸಲ ಪೈಪು ಅದೇ, ಕಾಲೂ ಅದೇ. ಬದಲಾದದ್ದು ಕೆಳಗಿನ ನೆಲ. ಮೂತ್ರನಾಳದ ಕೆಳಗಿನ ಆ ನೆಲ ಎಂದರೆ ಯೋನಿಯ ಮುಂಗೋಡೆ, ಅದನ್ನು ಹಿಡಿದಿರುವ ಪೊರೆ, ಅದಕ್ಕೆ ಆಸರೆಯಾದ ಶ್ರೋಣಿತಳದ, ಅಂದರೆ ಸೊಂಟದ ಗೂಡಿನ ತಳದ, ಸ್ನಾಯುಗಳು.

ಆಸರೆ ಗಟ್ಟಿಯಿದ್ದರಷ್ಟೇ ಸಾಲದು, ಮೂತ್ರನಾಳಕ್ಕೆ ತನ್ನದೇ ಬಿಗಿತವೂ ಇರಬೇಕು. ನಾಳದ ಸುತ್ತಲಿನ ಸ್ನಾಯು, ಒಳಪದರ, ರಕ್ತನಾಳಗಳು ಸೇರಿ ಅದನ್ನು ಮುಚ್ಚಿಡುತ್ತವೆ. ಡಿಲಾನ್ಸಿ ತಂಡವೇ 2008ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಒತ್ತಡದ ಸೋರಿಕೆ (ಕೆಮ್ಮು, ಸೀನು, ಭಾರದ ಒತ್ತಡಕ್ಕೆ ಹನಿಯುವುದು) ಇರುವ ಹೆಂಗಸರಲ್ಲಿ ಮೂತ್ರನಾಳ ಮುಚ್ಚಿಕೊಳ್ಳುವ ಬಲ, ಸೋರಿಕೆ ಇಲ್ಲದವರಿಗಿಂತ ಶೇ. 42ರಷ್ಟು ಕಡಿಮೆ ಇತ್ತು. ಆಸರೆಯ ದೋಷಕ್ಕಿಂತ ಈ ಬಿಗಿತದ ಕೊರತೆಯೇ ಸೋರಿಕೆಯ ಜೊತೆ ಹೆಚ್ಚು ಗಾಢವಾಗಿ ಹೊಂದಿಕೊಂಡಿತ್ತು. ಹೆಚ್ಚಿನ ಶಸ್ತ್ರಚಿಕಿತ್ಸೆಗಳು ಸರಿಪಡಿಸುವುದು ಆಸರೆಯನ್ನು. ಬಿಗಿತವೇ ಸೋತಿದ್ದರೆ ಆಸರೆ ಎಷ್ಟು ಚೆನ್ನಾಗಿ ಕೊಟ್ಟರೂ ಸೋರಿಕೆ ಉಳಿದೀತು. ಮರುಶಸ್ತ್ರಚಿಕಿತ್ಸೆಯ ಅರ್ಧ ಒಗಟು ಇಲ್ಲಿಯೇ ಇದೆ.

ಹೆರಿಗೆಯ ದಿನದ ಗಾಯ

ಮಗುವಿನ ತಲೆ ಹೊರಬರುವಾಗ ಶ್ರೋಣಿತಳದ ಒಳಅಂಚಿನ ಸ್ನಾಯು ತನ್ನ ಮೂಲ ಉದ್ದದ ಮೂರು ಪಟ್ಟಿಗೂ ಹೆಚ್ಚು ಎಳೆಯಲ್ಪಡುತ್ತದೆ ಎಂದು 2004ರ ಕಂಪ್ಯೂಟರ್ ಮಾದರಿಯೊಂದು ತೋರಿಸಿತು. ಮೂಳೆಗೆ ಅಂಟಿದ ಬೇರೆ ಸ್ನಾಯುಗಳು ಸಹಜವಾಗಿ ಅಷ್ಟು ಹಿಗ್ಗುವುದಿಲ್ಲ. ಹೆಚ್ಚಿನವರಲ್ಲಿ ಅದು ಮರಳಿ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಸ್ನಾಯು ಮೂಳೆಯಿಂದ ಕಿತ್ತುಬರುತ್ತದೆ, ಕೆಲವರಲ್ಲಿ ಅದಕ್ಕೆ ಹೋಗುವ ನರ ಜಗ್ಗಿ ಸೊರಗುತ್ತದೆ. ನಾರ್ವೆಯಲ್ಲಿ 15,307 ಹೆಂಗಸರ ಮಾಹಿತಿ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರದವರಲ್ಲಿ ಶೇ. 10.1, ಸಿಸೇರಿಯನ್ ಮಾತ್ರ ಆದವರಲ್ಲಿ ಶೇ. 15.9, ಸಹಜ ಹೆರಿಗೆ ಆದವರಲ್ಲಿ ಶೇ. 21 ಮಂದಿಗೆ ಯಾವುದಾದರೊಂದು ಬಗೆಯ ಮೂತ್ರಸೋರಿಕೆ ಇತ್ತು. ಗರ್ಭ ಹೊತ್ತದ್ದೇ ಒಂದಷ್ಟು ಕಾರಣ, ಹೆರಿಗೆ ಇನ್ನಷ್ಟು. ಇದನ್ನು ಓದಿ ಸಿಸೇರಿಯನ್ ಬೇಡಬೇಕಿಲ್ಲ. ಅದಕ್ಕೆ ಅದರದೇ ಅಪಾಯಗಳಿವೆ.

ಹೆರಿಗೆಯ ವಿಜ್ಞಾನಕ್ಕೂ ಬೆಳಗಾವಿ ಜಿಲ್ಲೆಗೂ ಹಳೆಯ ನಂಟಿದೆ. 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮುಂತಾದವರು ಅಮೆರಿಕದ ರಿಚರ್ಡ್ ಡರ್ಮನ್ ಜೊತೆಗೂಡಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ತಾಯಂದಿರು ಅದರಲ್ಲಿದ್ದರು. ಹೆರಿಗೆ ಮಾಡಿಸಿದವರು ನಮ್ಮ ಎಎನ್‌ಎಂ ಸಹೋದರಿಯರು. ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಹೆರಿಗೆಯ ನಂತರದ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಸೋರಿದ ರಕ್ತವನ್ನು ಕಣ್ಣಳತೆಯಲ್ಲಿ ಬರೆಯದೆ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಬಾಣಂತಿಯ ಕೆಳಗೆ ಹಾಸಿ ಮಿಲಿಲೀಟರ್ ಲೆಕ್ಕದಲ್ಲಿ ಅಳೆದದ್ದು ಆ ಪ್ರಯೋಗದ ಬಲ. ನಮ್ಮ ಹಳ್ಳಿಯ ಹೆರಿಗೆಮನೆಯಲ್ಲಿ ಲೋಕಕ್ಕೆ ಬೇಕಾದ ವಿಜ್ಞಾನ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ತಾಯಿಯ ಜೀವ ಉಳಿಸುವುದು ಮೊದಲ ಕೆಲಸವಾಗಿತ್ತು, ಅದು ಸರಿಯೇ. ಉಳಿದ ಜೀವ ಮುಂದಿನ ನಲವತ್ತು ವರ್ಷ ಹೇಗೆ ಬದುಕುತ್ತದೆ ಎಂಬುದು ನಮ್ಮ ಕಾಲದ ಕೆಲಸ.

ಮೊದಲ ಆಪರೇಷನ್ ಯಾವುದು?

ಮರುಶಸ್ತ್ರಚಿಕಿತ್ಸೆಯ ಮಾತೆತ್ತುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಎಷ್ಟೋ ಸಲ ಆಕೆಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. "ಗರ್ಭಚೀಲ ತಗದಾರ, ಆವಾಗ ಕೆಳಗೂ ಹೊಲಿಗಿ ಹಾಕ್ಯಾರ" ಎನ್ನುವುದಷ್ಟೇ ನೆನಪು.

ಆ ಹೊಲಿಗೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅಮೆರಿಕದ ಹೋವರ್ಡ್ ಕೆಲ್ಲಿ 1914ರ ಹೊತ್ತಿಗೆ, ಮೂತ್ರಕೋಶದ ಕುತ್ತಿಗೆಯ ಕೆಳಗಿನ ಪೊರೆಯನ್ನು ಮಡಚಿ ಹೊಲಿಯುವ ವಿಧಾನ ವಿವರಿಸಿದರು. ಗರ್ಭಕೋಶ ಜಾರಿದ್ದಕ್ಕೆ ಕೆಳಗಿನಿಂದ ಆಪರೇಷನ್ ಮಾಡುವಾಗ ಅದನ್ನು ಜೊತೆಗೇ ಮಾಡುವುದು ಸುಲಭ, ಹಾಗಾಗಿ ಬಹುಕಾಲ ಉಳಿಯಿತು. ಆದರೆ ಸಡಿಲಗೊಂಡ ಪೊರೆಯನ್ನೇ ಮಡಚಿ ಹೊಲಿದರೆ ಅದು ಮತ್ತೆ ಸಡಿಲವಾಗುತ್ತದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯಲ್ಲಿ, ಯೋನಿಯ ಮುಂಗೋಡೆಯ ಈ ಬಗೆಯ ರಿಪೇರಿ ಮೊದಲ ವರ್ಷದಲ್ಲೇ ಶೇ. 29 ಮಂದಿಯಲ್ಲಿ ಸೋತಿತ್ತು. ಹೊಟ್ಟೆಯ ಕಡೆಯಿಂದ ಮೇಲಕ್ಕೆತ್ತಿ ಕಟ್ಟುವ ಶಸ್ತ್ರಚಿಕಿತ್ಸೆಯಲ್ಲಿ ಸೋಲು ಶೇ. 14. ವರ್ಷ ಕಳೆದಂತೆ ಅಂತರ ಇನ್ನೂ ಹೆಚ್ಚಿತು.

ಬರೀ ಗರ್ಭಕೋಶ ತೆಗೆಸಿದರೆ ಸೋರಿಕೆ ನಿಲ್ಲುತ್ತದೆ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಆಧಾರ ಇರುವುದು ವಿರುದ್ಧ ದಿಕ್ಕಿನಲ್ಲಿ. ಸ್ವೀಡನ್ನಿನಲ್ಲಿ ಗರ್ಭಕೋಶ ತೆಗೆಸಿಕೊಂಡ 1,65,260 ಹೆಂಗಸರನ್ನು ತೆಗೆಸದ 4,79,506 ಮಂದಿಯ ಜೊತೆ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆಗೆಸಿಕೊಂಡವರಿಗೆ ಮುಂದೆ ಒತ್ತಡದ ಸೋರಿಕೆಗೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು. ಮೂವತ್ತರ ಆಸುಪಾಸಿನಲ್ಲೇ ಗರ್ಭಚೀಲ ತೆಗೆಸಿಕೊಳ್ಳುವ ಹೆಂಗಸರು ಇರುವ ನಮ್ಮ ಉತ್ತರ ಕರ್ನಾಟಕದಲ್ಲಿ ಈ ಮಾತನ್ನು ಊರೂರಿಗೆ ಹೇಳಬೇಕು.

1961ರಲ್ಲಿ ಅಮೆರಿಕದ ಜಾನ್ ಬರ್ಚ್, ಯೋನಿಯ ಗೋಡೆಯನ್ನು ಮೂತ್ರಕೋಶದ ಇಕ್ಕೆಲದಲ್ಲಿ ಮೇಲಕ್ಕೆತ್ತಿ ಶ್ರೋಣಿಯ ಗಟ್ಟಿ ಬಂಧಕ್ಕೆ ಹೊಲಿಯುವ ವಿಧಾನ ತಂದರು. ಅದು ಮೂರು ದಶಕ ಆಳಿತು. 1996ರಲ್ಲಿ ಸ್ವೀಡನ್ನಿನ ಉಪ್ಸಲಾದ ಉಲ್ಫ್ ಉಲ್ಮ್‌ಸ್ಟೆನ್, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಾಲಿಪ್ರೊಪಿಲೀನ್ ಜಾಲರಿ ಟೇಪನ್ನು ಮೂತ್ರನಾಳದ ನಡುಭಾಗದ ಕೆಳಗೆ, ಬಿಗಿಯದೆ, ಸುಮ್ಮನೆ ಹಾಯಿಸಿಡುವ ವಿಧಾನ ಪ್ರಕಟಿಸಿದರು. ಕೆಮ್ಮಿದಾಗ ಮಾತ್ರ ಟೇಪು ಆಸರೆ ಕೊಡುತ್ತದೆ; ಉಳಿದ ಹೊತ್ತು ಮೂತ್ರನಾಳದ ತಂಟೆಗೆ ಹೋಗುವುದಿಲ್ಲ. ಉತ್ತರ ಯುರೋಪಿನ ಮೊದಲ 90 ಮಂದಿಯನ್ನು ಹಿಂಬಾಲಿಸಿದವರು 17 ವರ್ಷದ ನಂತರ ಪರೀಕ್ಷೆಗೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೂ ಹೆಚ್ಚು ಸೋರಿಕೆ ಇಲ್ಲದೆ ಇದ್ದದ್ದನ್ನು ಕಂಡರು. 2001ರಲ್ಲಿ ಟೇಪನ್ನು ತೊಡೆಯ ಸಂದಿಯ ಕಡೆಯಿಂದ ಹಾಯಿಸುವ ಇನ್ನೊಂದು ದಾರಿಯೂ ಬಂತು.

ಅಂದರೆ ಒಳ್ಳೆಯ ಮೊದಲ ಶಸ್ತ್ರಚಿಕಿತ್ಸೆ ಹೆಚ್ಚಿನವರಿಗೆ ಬಾಳಿಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಟೇಪು ಹಾಕಿಸಿಕೊಂಡ 95,057 ಹೆಂಗಸರ ದಾಖಲೆಗಳನ್ನು 2018ರಲ್ಲಿ ಪರಿಶೀಲಿಸಿದಾಗ, ಒಂಬತ್ತು ವರ್ಷದೊಳಗೆ ಸೋರಿಕೆಗಾಗಿ ಮತ್ತೆ ಶಸ್ತ್ರಚಿಕಿತ್ಸೆ ಆದವರು ಶೇ. 4.5, ಟೇಪು ತೆಗೆಸಬೇಕಾದವರು ಶೇ. 3.3. ಆದರೆ ಮರುಶಸ್ತ್ರಚಿಕಿತ್ಸೆಯ ಲೆಕ್ಕ ಸೋಲಿನ ಪೂರ್ತಿ ಲೆಕ್ಕವಲ್ಲ. ಮತ್ತೆ ಸೋರಿದರೂ ಸುಮ್ಮನಿರುವವರು ಅದರಲ್ಲಿ ಬರುವುದಿಲ್ಲ. ನಮ್ಮ ತಾಲೂಕುಗಳಲ್ಲಿ ಸುಮ್ಮನಿರುವವರೇ ಹೆಚ್ಚು.

ಸೋತದ್ದು ಯಾಕೆ?

ಕಾರಣಗಳನ್ನು ಐದು ಗುಂಪು ಮಾಡಬಹುದು. ಮೊದಲನೆಯದು, ರೋಗವೇ ಬೇರೆ. ಕೆಮ್ಮಿದಾಗ ಹನಿಯುವುದು ಒಂದು ರೋಗ. "ಒಂದಕ್ಕ ಬಂತಂದ್ರ ಹಿತ್ತಲ ಮುಟ್ಟೂದರಾಗ ಆಗಿಬಿಡತೈತಿ" ಎನ್ನುವುದು ಇನ್ನೊಂದು. ಈ ಅವಸರದ ಸೋರಿಕೆಯಲ್ಲಿ ಮೂತ್ರಕೋಶ ತಾನಾಗಿ ಹಿಂಡಿಕೊಳ್ಳುತ್ತದೆ; ಅದಕ್ಕೆ ತರಬೇತಿ ಮತ್ತು ಮಾತ್ರೆ ಮದ್ದು, ಟೇಪು ಅಲ್ಲ. ಹಲವರಲ್ಲಿ ಎರಡೂ ಕೂಡಿರುತ್ತವೆ. ಸಕ್ಕರೆ ಕಾಯಿಲೆ ಹಳೆಯದಾಗಿ ಮೂತ್ರಕೋಶದ ನರ ಸೋತಿದ್ದರೆ, ಪೂರ್ತಿ ಖಾಲಿಯಾಗದ ಮೂತ್ರಕೋಶ ತುಂಬಿ ತುಳುಕುವುದೂ ಸೋರಿಕೆಯಂತೆಯೇ ಕಾಣುತ್ತದೆ. ಗರ್ಭಕೋಶ ತೆಗೆದ ಮೇಲೆ ಹಗಲು ರಾತ್ರಿ ಎಡೆಬಿಡದೆ, ಮಲಗಿದಾಗಲೂ ಸೋರುತ್ತಿದ್ದರೆ ಅದು ಫಿಸ್ಟುಲಾ ಇರಬಹುದು. ಅಂದರೆ ಮೂತ್ರಕೋಶದಿಂದಲೋ ಮೂತ್ರಪಿಂಡದಿಂದ ಇಳಿಯುವ ಕೊಳವೆಯಿಂದಲೋ ಯೋನಿಗೆ ತೂತು ಬಿದ್ದಿರುವುದು. ಅದಕ್ಕೆ ಬೇರೆಯದೇ ಶಸ್ತ್ರಚಿಕಿತ್ಸೆ, ತಡಮಾಡದೆ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು.

ಎರಡನೆಯದು, ರೋಗ ಸರಿ, ಶಸ್ತ್ರಚಿಕಿತ್ಸೆ ತಪ್ಪು. ಮೇಲೆ ಹೇಳಿದ ಮಡಿಕೆಯ ಹೊಲಿಗೆ ಇದಕ್ಕೆ ಉದಾಹರಣೆ. ಮೂರನೆಯದು, ಶಸ್ತ್ರಚಿಕಿತ್ಸೆ ಸರಿ, ಕೂತ ಜಾಗ ತಪ್ಪು: ಟೇಪು ನಡುಭಾಗ ಬಿಟ್ಟು ಮೂತ್ರಕೋಶದ ಹತ್ತಿರಕ್ಕೆ ಸರಿದಿರಬಹುದು, ಅತಿ ಸಡಿಲವಾಗಿರಬಹುದು. ನಾಲ್ಕನೆಯದು, ಮೂತ್ರನಾಳದ ಬಿಗಿತವೇ ಕುಸಿದಿರುವುದು. ಐದನೆಯದು, ಶಸ್ತ್ರಚಿಕಿತ್ಸೆ ಗೆದ್ದಿತ್ತು, ಆಮೇಲೆ ದೇಹ ಬದಲಾಯಿತು: ತೂಕ ಏರಿತು, ಮುಟ್ಟು ನಿಂತಿತು, ಮತ್ತೊಂದು ಹೆರಿಗೆಯಾಯಿತು, ಹಳೆಯ ಕೆಮ್ಮು ಕಾಡಿತು.

ಯಾವಾಗ ಮತ್ತೆ ಶುರುವಾಯಿತು ಎಂಬುದು ದೊಡ್ಡ ಸುಳಿವು. ಮೂತ್ರದ ನಳಿಕೆ ತೆಗೆದ ದಿನದಿಂದಲೇ ಸೋರಿದ್ದರೆ ಟೇಪಿನ ಜಾಗವನ್ನೋ ಮೊದಲಿನ ನಿದಾನವನ್ನೋ ಅನುಮಾನಿಸಬೇಕು. ಹತ್ತು ವರ್ಷ ಚೆನ್ನಾಗಿದ್ದು ಈಗ ಸೋರಿದರೆ ದೇಹದ ಬದಲಾವಣೆಯನ್ನು ಹುಡುಕಬೇಕು. ಮೊದಲು ಇಲ್ಲದ ಅವಸರ, ಉರಿ, ತಿಣುಕಿ ಮಾಡಬೇಕಾದ ಸ್ಥಿತಿ ಆಪರೇಷನ್ನಿನ ನಂತರ ಬಂದಿದ್ದರೆ, ಟೇಪು ಅತಿಬಿಗಿಯಾಗಿ ದಾರಿ ಕಟ್ಟಿದೆಯೇ, ಒಳಗೆ ಕೊರೆದುಕೊಂಡಿದೆಯೇ ಎಂದು ನೋಡಲೇಬೇಕು. ಅಂಥವರಿಗೆ ಇನ್ನೊಂದು ಟೇಪು ಹಾಕಿದರೆ ಗಾಯದ ಮೇಲೆ ಗಾಯ.

ಎರಡನೇ ಸಲಕ್ಕೆ ಮುಂಚೆ

ತಪಾಸಣೆ ಅಗ್ಗದ ಸಾಧನಗಳಿಂದಲೇ ಶುರುವಾಗುತ್ತದೆ. ಮೂರು ದಿನದ ಮೂತ್ರದ ದಿನಚರಿ: ಎಷ್ಟು ಹೊತ್ತಿಗೆ ಹೋದೆ, ಎಷ್ಟು ಪ್ರಮಾಣ, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದೆ. ಬರೆಯಲು ಬಾರದವರು ಒಂದು ಅಳತೆಯ ಲೋಟವಿಟ್ಟುಕೊಂಡು ಕ್ಯಾಲೆಂಡರಿನ ಮೇಲೆ ಗೆರೆ ಎಳೆದರೂ ಸಾಕು. ಮಗಳೋ ಸೊಸೆಯೋ ಬರೆದುಕೊಡಬಹುದು. ಇಷ್ಟರಿಂದಲೇ ಒತ್ತಡದ ಸೋರಿಕೆಯನ್ನೂ ಅವಸರದ ಸೋರಿಕೆಯನ್ನೂ ಬಹುಪಾಲು ಬಿಡಿಸಿ ಹೇಳಬಹುದು. ಆಮೇಲೆ ಮೂತ್ರದ ಸೋಂಕಿನ ಪರೀಕ್ಷೆ, ಸಕ್ಕರೆ ಪರೀಕ್ಷೆ. ಮೂತ್ರಕೋಶ ತುಂಬಿರುವಾಗ ಕೆಮ್ಮಿಸಿ ನೋಡುವುದು. ಮಾಡಿಬಂದ ಮೇಲೆ ಒಳಗೆ ಎಷ್ಟು ಉಳಿಯಿತು ಎಂದು ಅಲ್ಟ್ರಾಸೌಂಡಿನಲ್ಲಿ ಅಳೆಯುವುದು. ಇವೆಲ್ಲ ತಾಲೂಕು ಆಸ್ಪತ್ರೆಯ ಮಟ್ಟದಲ್ಲೇ ಆಗಬಹುದಾದವು.

ಅಲ್ಲಿಂದ ಮುಂದೆ ದೊಡ್ಡ ಆಸ್ಪತ್ರೆ ಬೇಕು. ಯೂರೋಡೈನಮಿಕ್ಸ್ ಪರೀಕ್ಷೆಯಲ್ಲಿ ಸಣ್ಣ ನಳಿಕೆಯಿಂದ ಮೂತ್ರಕೋಶವನ್ನು ನಿಧಾನ ತುಂಬಿ, ಒಳಗಿನ ಒತ್ತಡ ದಾಖಲಿಸುತ್ತಾರೆ. ಅಮೆರಿಕದಲ್ಲಿ 630 ಹೆಂಗಸರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗ, ಮೊದಲ ಸಲದ ಸರಳ ಒತ್ತಡದ ಸೋರಿಕೆಗೆ ಈ ಪರೀಕ್ಷೆ ಇಲ್ಲದೆಯೂ ಫಲಿತಾಂಶ ಅಷ್ಟೇ ಚೆನ್ನಾಗಿರುತ್ತದೆ ಎಂದು ತೋರಿಸಿತು. ಅದು ಮೊದಲ ಸಲದವರಿಗೆ ಹೇಳಿದ ಮಾತು. ಎರಡನೇ ಸಲಕ್ಕೆ ಬಂದವರಲ್ಲಿ ಮೂತ್ರಕೋಶ ಹಿಂಡುತ್ತಿದೆಯೇ, ನಾಳದ ಬಿಗಿತ ಕುಸಿದಿದೆಯೇ, ದಾರಿ ಕಟ್ಟಿದೆಯೇ ಎಂಬ ಮೂರು ಪ್ರಶ್ನೆಗೂ ಉತ್ತರ ಬೇಕು. ಟೇಪು ಮೂತ್ರಕೋಶದೊಳಗೆ ಕೊರೆದಿದೆಯೇ ಎಂದು ನೋಡಲು ಸಿಸ್ಟೋಸ್ಕೋಪಿ, ಅಂದರೆ ಮೂತ್ರನಾಳದ ಮೂಲಕ ದರ್ಶಕ ಹಾಯಿಸಿ ನೋಡುವ ಪರೀಕ್ಷೆ, ಬೇಕು. ಟೇಪು ಎಲ್ಲಿ ಕೂತಿದೆ ಎಂಬುದನ್ನು ಶ್ರೋಣಿತಳದ ಅಲ್ಟ್ರಾಸೌಂಡಿನಲ್ಲಿ ಕಾಣಬಹುದು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಇಂಗ್ಲೆಂಡಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿ ಇದನ್ನು ಇನ್ನೂ ಬಿಗಿಯಾಗಿ ಹೇಳುತ್ತದೆ: ಮೊದಲ ಶಸ್ತ್ರಚಿಕಿತ್ಸೆ ಸೋತವರ ವಿಚಾರವನ್ನು ಒಬ್ಬ ವೈದ್ಯರು ತೀರ್ಮಾನಿಸದೆ, ಹಲವು ವಿಭಾಗದ ತಜ್ಞರು ಕೂಡಿ ಚರ್ಚಿಸಬೇಕು.

ಯಾವ ಶಸ್ತ್ರಚಿಕಿತ್ಸೆ?

ಇಲ್ಲಿ ವಿಜ್ಞಾನದ ಬೆಳಕು ಕಡಿಮೆ ಎಂದು ಒಪ್ಪಲೇಬೇಕು. ಟೇಪು ಸೋತ ಮೇಲೆ ಏನು ಮಾಡಬೇಕು ಎಂದು ಕಾಕ್ರೇನ್ ವಿಮರ್ಶಕರು ಜಗತ್ತಿನ ಪ್ರಯೋಗಗಳನ್ನೆಲ್ಲ ಹುಡುಕಿ 2019ರಲ್ಲಿ ವರದಿ ಕೊಟ್ಟರು. ಅವರ ಪ್ರಶ್ನೆಗೆ ಒಗ್ಗಿದ್ದು ಒಂದೇ ಪ್ರಯೋಗ, ಅದರೊಳಗಿನ 46 ಹೆಂಗಸರು. ಅಷ್ಟು ಸಣ್ಣ ಸಂಖ್ಯೆಯಿಂದ ಯಾವುದು ಮೇಲು ಎಂದು ತೀರ್ಪು ಕೊಡಲಾಗದು. ಹಾಗಾಗಿ ವೈದ್ಯರು ಅನುಭವದ ಸರಣಿಗಳನ್ನು ಆಧರಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ 2010ರಲ್ಲಿ ಪ್ರಕಟವಾದ ಅಂಥದೊಂದು ಸರಣಿಯಲ್ಲಿ, ಮೊದಲ ಟೇಪಿನಿಂದ ಶೇ. 86 ಮಂದಿ ಗುಣವಾದೆವು ಎಂದರೆ, ಎರಡನೇ ಟೇಪಿನಿಂದ ಹಾಗೆಂದವರು ಶೇ. 62. ಎರಡನೇ ಸಲ ಟೇಪನ್ನು ಉಲ್ಮ್‌ಸ್ಟೆನ್ ವಿಧಾನದಂತೆ ಜಘನದ ಮೂಳೆಯ ಹಿಂದಿನಿಂದ ಹಾಯಿಸಿದವರಲ್ಲಿ ಶೇ. 71, ತೊಡೆಯ ಸಂದಿಯಿಂದ ಹಾಯಿಸಿದವರಲ್ಲಿ ಶೇ. 48. ಬಿಗಿತ ಸೋತವರಿಗೆ ಮೂಳೆಯ ಹಿಂದಿನ ದಾರಿ ಹೆಚ್ಚು ಆಸರೆ ಕೊಡುವುದು ಇದಕ್ಕೆ ಕಾರಣವಿರಬಹುದು. ಈ ಅಂಕಿಗಳನ್ನು ರೋಗಿಗೆ ಮೊದಲೇ ಹೇಳಬೇಕು. ಎರಡನೇ ಅವಕಾಶ ಮೊದಲನೆಯದರಷ್ಟು ದೊಡ್ಡದಲ್ಲ.

ಜಾಲರಿ ಬೇಡ ಎನ್ನುವವರಿಗೆ, ಜಾಲರಿಯಿಂದಲೇ ತೊಂದರೆಯಾದವರಿಗೆ, ಬಿಗಿತ ಕುಸಿದವರಿಗೆ ಹಳೆಯ ವಿಧಾನವೊಂದು ಮರಳಿ ಬಂದಿದೆ. ಆಕೆಯದೇ ಹೊಟ್ಟೆಯ ಗೋಡೆಯ ಗಟ್ಟಿ ಪೊರೆಯಿಂದ ಒಂದು ಪಟ್ಟಿ ಕತ್ತರಿಸಿ ಮೂತ್ರನಾಳದ ಕೆಳಗೆ ಹಾಯಿಸಿ ಕಟ್ಟುವುದು. ಅಮೆರಿಕದ ಎಡ್ವರ್ಡ್ ಮೆಗ್ವೈರ್ ಮತ್ತು ಬರ್ನಾರ್ಡ್ ಲಿಟನ್ 1978ರಲ್ಲಿ ಇದಕ್ಕೆ ಹೊಸ ಜೀವ ಕೊಟ್ಟರು. ಇದನ್ನು ಬರ್ಚ್ ವಿಧಾನದ ಜೊತೆ 655 ಹೆಂಗಸರಲ್ಲಿ ಹೋಲಿಸಿದ ಪ್ರಯೋಗ 2007ರಲ್ಲಿ ಬಂತು: ಎರಡು ವರ್ಷದ ನಂತರ ಒತ್ತಡದ ಸೋರಿಕೆಯ ಮಟ್ಟಿಗೆ ಯಶಸ್ಸು ಪೊರೆಯ ಪಟ್ಟಿಯಲ್ಲಿ ಶೇ. 66, ಬರ್ಚ್‌ನಲ್ಲಿ ಶೇ. 49. ಆದರೆ ಪಟ್ಟಿ ಕಟ್ಟಿಸಿಕೊಂಡವರಲ್ಲಿ ಮೂತ್ರದ ಸೋಂಕು, ಮೂತ್ರ ಮಾಡಲು ತಿಣುಕುವುದು, ಅವಸರ ಹೆಚ್ಚು. ಹೊಟ್ಟೆಯ ಮೇಲೆ ಗಾಯವೂ ಆಗುತ್ತದೆ, ಗುಣವಾಗಲು ವಾರಗಳು ಬೇಕು. ಹೊಲದ ಕೆಲಸಕ್ಕೆ ಎಷ್ಟು ದಿನ ಹೋಗಲಾಗದು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಮೂತ್ರನಾಳದ ಗೋಡೆಗೆ ಜೆಲ್ ಚುಚ್ಚಿ ಉಬ್ಬಿಸುವುದು ಚಿಕ್ಕ ಕೆಲಸ. ವಯಸ್ಸಾದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ತಾಳದವರಿಗೆ ಒಳ್ಳೆಯದು. ಫಲ ಕಡಿಮೆ, ಮತ್ತೆ ಮತ್ತೆ ಚುಚ್ಚಿಸಬೇಕಾಗಬಹುದು. ಹಲವು ಸಲ ಸೋತವರಿಗೆ ಕೃತಕ ಕವಾಟ ಕೂರಿಸುವುದೂ ಇದೆ, ಅದು ಕೆಲವೇ ಕೇಂದ್ರಗಳ ಕೆಲಸ.

ಜಾಲರಿಯ ಬಗ್ಗೆ ಭಯವೂ ಬೇಡ, ಅಸಡ್ಡೆಯೂ ಬೇಡ. ಗರ್ಭಕೋಶ, ಮೂತ್ರಕೋಶ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುತ್ತಿದ್ದ ದೊಡ್ಡ ಜಾಲರಿಯ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಸೋರಿಕೆಯ ಸಣ್ಣ ಟೇಪು ಆ ಆದೇಶದಲ್ಲಿ ಇರಲಿಲ್ಲ. ಇಂಗ್ಲೆಂಡು 2018ರ ಜುಲೈನಲ್ಲಿ ಎರಡಕ್ಕೂ ತಡೆ ಹಾಕಿತು. 2020ರಲ್ಲಿ ಅಲ್ಲಿನ ಕಂಬರ್ಲೆಜ್ ವರದಿ, ನೋವೆಂದು ಬಂದ ಹೆಂಗಸರ ಮಾತನ್ನು ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ದಾಖಲಿಸಿತು. ಲಂಡನ್ನಿನ ಹೆಂಗಸಿನ ಮಾತನ್ನೇ ಕೇಳಲಿಲ್ಲವೆಂದ ಮೇಲೆ ಸವದತ್ತಿಯ ಹಳ್ಳಿಯಾಕೆಯ ಮಾತು ಕೇಳಿಸಬೇಕಾದರೆ ನಾವು ಎಷ್ಟು ಎಚ್ಚರವಿರಬೇಕು ಎಂದು ಯೋಚಿಸಬೇಕು.

ಕತ್ತರಿಯಿಲ್ಲದ ದಾರಿ

ಮೊದಲ ಶಸ್ತ್ರಚಿಕಿತ್ಸೆ ಸೋತವರೂ ಶ್ರೋಣಿತಳದ ವ್ಯಾಯಾಮವನ್ನು ಬಿಟ್ಟುಬಿಡಬಾರದು. ಎಷ್ಟೋ ಮಂದಿಗೆ ಮೊದಲು ಅದನ್ನು ಯಾರೂ ಕಲಿಸಿಯೇ ಇರುವುದಿಲ್ಲ. ಅಮೆರಿಕದ ಆರ್ನಾಲ್ಡ್ ಕೀಗಲ್ 1948ರಲ್ಲಿ ಇದನ್ನು ವಿವರಿಸಿದರು. 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಒತ್ತಡದ ಸೋರಿಕೆಯವರಲ್ಲಿ ವ್ಯಾಯಾಮ ಮಾಡಿದವರ ಪೈಕಿ ಶೇ. 56 ಮಂದಿ ಗುಣವಾದೆವು ಎಂದರು. ಏನೂ ಮಾಡದವರಲ್ಲಿ ಶೇ. 6.

ಮಾಡುವ ಬಗೆ ಹೀಗೆ. ಗಾಳಿಯನ್ನೂ ಮೂತ್ರವನ್ನೂ ಒಟ್ಟಿಗೆ ತಡೆಹಿಡಿಯುವಂತೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಸೆಳೆಯಬೇಕು. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಕೆಲವು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ರೊಟ್ಟಿ ಬಡಿಯುತ್ತ ಕೂತಾಗಲೂ, ಬಸ್ಸಿಗೆ ಕಾಯುತ್ತ ನಿಂತಾಗಲೂ ಮಾಡಬಹುದು. ಕೆಮ್ಮುವ, ಹೊರೆ ಎತ್ತುವ ಮುಂಚಿನ ಕ್ಷಣದಲ್ಲಿ ಬಿಗಿಹಿಡಿಯುವುದನ್ನು ರೂಢಿಸಿಕೊಂಡರೆ ಆ ಹನಿಯೇ ನಿಂತೀತು. ಮೊದಲ ಸಲ ಫಿಸಿಯೋಥೆರಪಿಸ್ಟರೋ ತರಬೇತಿ ಪಡೆದ ನರ್ಸೋ ಪರೀಕ್ಷಿಸಿ ಕಲಿಸುವುದು ಮುಖ್ಯ. ಎಷ್ಟೋ ಮಂದಿ ಸೆಳೆಯುವ ಬದಲು ಕೆಳಗೆ ಮುಕ್ಕುತ್ತಾರೆ, ಅದರಿಂದ ಕೇಡೇ ಹೆಚ್ಚು.

ತೂಕ ಹೆಚ್ಚಿದ್ದರೆ ಇಳಿಸುವುದು ಮದ್ದೇ ಸರಿ. 338 ಹೆಂಗಸರ 2009ರ ಪ್ರಯೋಗದಲ್ಲಿ ದೇಹದ ತೂಕದ ಶೇ. 8ರಷ್ಟು ಇಳಿಸಿದ ಗುಂಪಿನಲ್ಲಿ ಸೋರಿಕೆ ಶೇ. 47 ಕಡಿಮೆಯಾಯಿತು. ಒಲೆಯ ಹೊಗೆಯ ಕೆಮ್ಮು, ಮಲಬದ್ಧತೆ ಇವನ್ನು ಸರಿಪಡಿಸದೆ ಮಾಡಿದ ಶಸ್ತ್ರಚಿಕಿತ್ಸೆಗೆ ದಿನವೂ ಪೆಟ್ಟು ಬೀಳುತ್ತಿರುತ್ತದೆ.

ಕೈಯಲ್ಲಿ ಇರಬೇಕಾದ ಕಾಗದ

ಕಿತ್ತೂರಿನವರಿಗೆ ಹೆದ್ದಾರಿಯ ಮೇಲೆ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಧಾರವಾಡ. ಬೈಲಹೊಂಗಲದವರು ಬೆಳಗಾವಿಗೆ ಹೋಗುತ್ತಾರೆ, ಸವದತ್ತಿಯವರಿಗೆ ಧಾರವಾಡ ಹತ್ತಿರ. ಮಲಪ್ರಭೆಯ ದಂಡೆಯ ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರಿನ ಆಸುಪಾಸು ಬಸ್ಸಿನಲ್ಲಿ ಕೂರಬೇಕು; ಮೂತ್ರ ನಿಲ್ಲದ ಹೆಂಗಸಿಗೆ ಆ ಪ್ರಯಾಣವೇ ಒಂದು ಶಿಕ್ಷೆ. ಬೆಳಗಾವಿಯಲ್ಲಿ ಜಿಲ್ಲಾಸ್ಪತ್ರೆಗೆ ಸೇರಿದ ಬಿಮ್ಸ್, 1963ರಿಂದ ಇರುವ ಜೆಎನ್ ವೈದ್ಯಕೀಯ ಕಾಲೇಜು ಮತ್ತು ಅದರ ಪ್ರಭಾಕರ ಕೋರೆ ಆಸ್ಪತ್ರೆ, ಹುಬ್ಬಳ್ಳಿಯಲ್ಲಿ 1957ರ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡದಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು ಇವೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಹೊರಡುವ ಮುಂಚೆ ತಾಲೂಕು ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆದು, ತಮ್ಮ ಚಿಕಿತ್ಸೆ ಯೋಜನೆಯಲ್ಲಿ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಒಯ್ಯಲೇಬೇಕಾದದ್ದು ಮೊದಲ ಆಪರೇಷನ್ನಿನ ಕಾಗದ. ಡಿಸ್ಚಾರ್ಜ್ ಕಾರ್ಡಿನಲ್ಲಿ "ಶಸ್ತ್ರಚಿಕಿತ್ಸೆ ಆಗಿದೆ" ಎಂದಷ್ಟೇ ಇದ್ದರೆ ಸಾಲದು. ಯಾವ ಶಸ್ತ್ರಚಿಕಿತ್ಸೆ, ಯಾವ ದಾರಿಯಿಂದ, ಟೇಪು ಹಾಕಿದ್ದರೆ ಯಾವ ಕಂಪನಿಯದು, ಅದರ ಲಾಟ್ ಸಂಖ್ಯೆ ಏನು, ಗರ್ಭಕೋಶ ತೆಗೆದಿದ್ದರೆ ಯಾಕೆ: ಇವೆಲ್ಲ ಬರೆದಿರಬೇಕು. ಟೇಪಿನ ಪೊಟ್ಟಣದ ಸ್ಟಿಕ್ಕರನ್ನು ಕಾರ್ಡಿಗೆ ಅಂಟಿಸಿಕೊಡುವುದು ವೈದ್ಯರಿಗೆ ಅರೆ ನಿಮಿಷದ ಕೆಲಸ. ಹತ್ತು ವರ್ಷದ ನಂತರ ಆ ಸ್ಟಿಕ್ಕರೇ ಆಕೆಯನ್ನು ತಪ್ಪು ಆಪರೇಷನ್ನಿನಿಂದ ಉಳಿಸಬಲ್ಲದು. ರೇಷನ್ ಕಾರ್ಡಿನ ಜೊತೆ ಅದನ್ನೂ ಜೋಪಾನ ಮಾಡಬೇಕು.

ಸ್ವೀಡನ್ನಿನಲ್ಲಿ ಸ್ತ್ರೀರೋಗ ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ನೋಂದಣಿ ಇದೆ. ಶಸ್ತ್ರಚಿಕಿತ್ಸೆಯಾದ 8 ವಾರಕ್ಕೆ, ಮತ್ತೆ ಒಂದು ವರ್ಷಕ್ಕೆ ಆಕೆಗೇ ಪ್ರಶ್ನೆಪತ್ರ ಬರುತ್ತದೆ: ಹೇಗಿದ್ದೀರಿ? ಮತ್ತೆ ಸೋರಿತೇ? ಸೋತವರು ಆಸ್ಪತ್ರೆ ಹುಡುಕಿಕೊಂಡು ಬರಲಿ ಎಂದು ಅಲ್ಲಿ ಕಾಯುವುದಿಲ್ಲ. ಅಂಥದ್ದು ನಮ್ಮಲ್ಲಿ ಆಗದ ಮಾತೇನಲ್ಲ. ಅಂತರರಾಷ್ಟ್ರೀಯ ಜಾಲವೊಂದರ ಭಾಗವಾಗಿ ಬೆಳಗಾವಿಯ ಸಂಶೋಧಕರು ಜಿಲ್ಲೆಯ ಹಳ್ಳಿಗಳಲ್ಲಿ ಗರ್ಭಿಣಿಯರನ್ನು ನೋಂದಾಯಿಸಿ, ಹೆರಿಗೆಯಾಗಿ 42 ದಿನದವರೆಗೆ ತಾಯಿ ಮಗುವಿನ ಸ್ಥಿತಿ ದಾಖಲಿಸುವ ಕೆಲಸವನ್ನು ವರ್ಷಗಳಿಂದ ನಡೆಸಿದ್ದಾರೆ. ಆ ಲೆಕ್ಕ 42ನೇ ದಿನಕ್ಕೆ ನಿಲ್ಲುತ್ತದೆ. ಸೋರಿಕೆಯ ಲೆಕ್ಕ ಶುರುವಾಗಬೇಕಾದದ್ದು ಆಮೇಲೆ. ಮಗುವಿಗೆ ಲಸಿಕೆ ಹಾಕಿಸಲು ತಾಯಿ ಬಂದಾಗ "ಕೆಮ್ಮಿದರೆ ಸೋರುತ್ತದೆಯೇ" ಎಂದು ಎಎನ್‌ಎಂ ಕೇಳಿ ವ್ಯಾಯಾಮ ಕಲಿಸಲಿ. ಸೋರಿಕೆಗೆ ಶಸ್ತ್ರಚಿಕಿತ್ಸೆಯಾದವರ ಮನೆಗೆ ಒಂದು ವರ್ಷದ ನಂತರ ಆಶಾ ಕಾರ್ಯಕರ್ತೆ ಹೋಗಿ ಅದೇ ಪ್ರಶ್ನೆ ಕೇಳಲಿ. ಮೊದಲ ಚಿಕಿತ್ಸೆ ಸರಿಯಾಗಿ ಆದರೆ, ಸೋತವರು ಬೇಗ ಕಣ್ಣಿಗೆ ಬಿದ್ದರೆ, ಎರಡನೇ ಆಪರೇಷನ್ ಬೇಕಾಗುವವರು ತೀರ ಕಡಿಮೆಯಾಗುತ್ತಾರೆ. ಬೇಕಾದವರೂ ಅದನ್ನು ಕುರುಡಾಗಿ ಮಾಡಿಸಿಕೊಳ್ಳಬೇಕಾಗುವುದಿಲ್ಲ.